ರಾಯಚೂರು ಜಿಲ್ಲೆ: ವಿಶ್ವವಿದ್ಯಾಲಯ ಮತ್ತು ಆರೋಗ್ಯ ಇಲಾಖೆಯ ಸಹಭಾಗಿತ್ವ

ವಿಶ್ವವಿದ್ಯಾಲಯ ಅಥವಾ ಅದರ ಸಂಯೋಜಿತ ಕಾಲೇಜು ತನ್ನ ಅಧ್ಯಾಪಕರು, ವಿದ್ಯಾರ್ಥಿಗಳು ಹಾಗೂ ಪ್ರಯೋಗಾಲಯಗಳನ್ನು ಜಿಲ್ಲೆಯ ಆರೋಗ್ಯ ಇಲಾಖೆಯ ದಿನನಿತ್ಯದ ಕೆಲಸಕ್ಕೆ ಜೋಡಿಸುವ ವ್ಯವಸ್ಥೆಯೇ ಈ ಸಹಭಾಗಿತ್ವ. ವೈದ್ಯಕೀಯ ಶಿಕ್ಷಣ ಆಸ್ಪತ್ರೆಯ ಗೋಡೆ ದಾಟಿ ಹಳ್ಳಿಗೆ ಹೋಗಬೇಕೆಂದು 1975ರ ಶ್ರೀವಾಸ್ತವ ಸಮಿತಿ ಹೇಳಿತು. ಅದರ ಮೇರೆಗೆ 1977ರಲ್ಲಿ ಬಂದ ಯೋಜನೆಯಲ್ಲಿ ದೇಶದ ಪ್ರತಿ ವೈದ್ಯಕೀಯ ಕಾಲೇಜಿಗೂ ಮೂರು ಪ್ರಾಥಮಿಕ ಆರೋಗ್ಯ ಕೇಂದ್ರಗಳ ಹೊಣೆ ಬಿತ್ತು. ಆಗ ರಾಯಚೂರಿನಲ್ಲಿ ವೈದ್ಯಕೀಯ ಕಾಲೇಜೇ ಇರಲಿಲ್ಲ. ಸರ್ಕಾರಿ ರಾಯಚೂರು ವೈದ್ಯಕೀಯ ವಿಜ್ಞಾನಗಳ ಸಂಸ್ಥೆ (ರಿಮ್ಸ್) ಆರಂಭವಾದದ್ದು 2007ರಲ್ಲಿ. ಅದೂ ನಗರದ ಖಾಸಗಿ ನವೋದಯ ವೈದ್ಯಕೀಯ ಕಾಲೇಜೂ 1996ರಲ್ಲಿ ಸ್ಥಾಪನೆಯಾದ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯಕ್ಕೆ ಸೇರಿದವು.

ಜಿಲ್ಲೆಯನ್ನು ತಲುಪಿದ ಸಹಭಾಗಿತ್ವಗಳಲ್ಲಿ ದೊಡ್ಡದೊಂದು 'ಸುಕ್ಷೇಮ'. 2009ರಲ್ಲಿ ಆರಂಭವಾಗಿ ಸುಮಾರು ಐದು ವರ್ಷ ನಡೆದ ಈ ಯೋಜನೆಯಲ್ಲಿ ಕೆನಡಾದ ಮ್ಯಾನಿಟೋಬಾ ವಿಶ್ವವಿದ್ಯಾಲಯ, ಕರ್ನಾಟಕ ಹೆಲ್ತ್ ಪ್ರಮೋಷನ್ ಟ್ರಸ್ಟ್, ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಸಂಸ್ಥೆಗಳು ರಾಜ್ಯದ ಆರೋಗ್ಯ ಇಲಾಖೆಯ ಜತೆ ಕೈಜೋಡಿಸಿದವು. ಹಣ ಗೇಟ್ಸ್ ಪ್ರತಿಷ್ಠಾನದ್ದು. ಕಾರ್ಯಕ್ಷೇತ್ರ ರಾಯಚೂರು ಸೇರಿ ಉತ್ತರದ ಎಂಟು ಜಿಲ್ಲೆಗಳು. ಗುರಿ, ಬಾಣಂತಿ ಮತ್ತು ಹಸುಗೂಸುಗಳ ಸಾವು ತಡೆಯುವುದು.

ಇದರ ತಿರುಳು ಕಟ್ಟಡದಲ್ಲೂ ಇರಲಿಲ್ಲ, ಯಂತ್ರದಲ್ಲೂ ಇರಲಿಲ್ಲ. ತರಬೇತಿ ಪಡೆದ ಮಾರ್ಗದರ್ಶಿ ನರ್ಸ್ ಒಬ್ಬರು ದಿನದ 24 ಗಂಟೆಯೂ ಹೆರಿಗೆ ಮಾಡಿಸುವ ಪ್ರಾಥಮಿಕ ಆರೋಗ್ಯ ಕೇಂದ್ರಗಳಿಗೆ ಸರದಿಯಂತೆ ಹೋಗಿ, ಕೆಲವು ದಿನ ಅಲ್ಲಿಯೇ ಇದ್ದು, ಸ್ಟಾಫ್ ನರ್ಸ್‌ಗಳ ಪಕ್ಕದಲ್ಲಿ ನಿಂತು ಕಲಿಸುತ್ತಿದ್ದರು. ಜತೆಗೆ ಹೊಸ ಕೇಸ್ ಶೀಟ್ ಬಂತು. ನೋವು ಬಂದು ದಾಖಲಾದ ಹೆಣ್ಣುಮಗಳ ರಕ್ತದೊತ್ತಡ ಎಷ್ಟು, ಮಗುವಿನ ಎದೆಬಡಿತ ಹೇಗಿದೆ, ಹೆರಿಗೆಯಾದೊಡನೆ ಆಕ್ಸಿಟೋಸಿನ್ ಕೊಟ್ಟಿದ್ದಾರೆಯೇ, ಯಾವ ಲಕ್ಷಣ ಕಂಡರೆ ದೊಡ್ಡಾಸ್ಪತ್ರೆಗೆ ಕಳಿಸಬೇಕು ಎಂಬುದನ್ನೆಲ್ಲ ಅದು ಸಾಲುಸಾಲಾಗಿ ಕೇಳುತ್ತಿತ್ತು. ನಡುರಾತ್ರಿ ಒಬ್ಬರೇ ಡ್ಯೂಟಿಯಲ್ಲಿರುವ ನರ್ಸ್‌ಗೆ ಅದು ದಾಖಲೆಯೂ ಹೌದು, ನೆನಪಿನ ಆಸರೆಯೂ ಹೌದು. ಬಳ್ಳಾರಿ ಮತ್ತು ಗುಲಬರ್ಗಾ ಜಿಲ್ಲೆಗಳಲ್ಲಿ ಕೇಂದ್ರಗಳನ್ನು ಎರಡು ಗುಂಪು ಮಾಡಿ, ಒಂದಕ್ಕೆ ಮಾತ್ರ ಮಾರ್ಗದರ್ಶಿಗಳನ್ನು ಕಳಿಸಿ ಹೋಲಿಸಿದಾಗ, ಅಂಥ ಕೇಂದ್ರಗಳ ಸಿದ್ಧತೆಯೂ ನರ್ಸ್‌ಗಳ ತಿಳಿವಳಿಕೆಯೂ ಸ್ಪಷ್ಟವಾಗಿ ಮೇಲಾಗಿದ್ದವು. ಆಶಾ ಕಾರ್ಯಕರ್ತೆಯರಿಗೂ ಮನೆಮನೆಯ ಗರ್ಭಿಣಿಯರ ಲೆಕ್ಕವಿಡುವ ಸರಳ ನಮೂನೆಗಳು ಸಿಕ್ಕವು. ದೇವದುರ್ಗದಂಥ ತಾಲ್ಲೂಕಿಗೆ ಇಂಥ ಲೆಕ್ಕ ಬಹಳ ಮುಖ್ಯ. ಡಾ. ಡಿ.ಎಂ. ನಂಜುಂಡಪ್ಪ ಸಮಿತಿ 2002ರಲ್ಲಿ ರಾಜ್ಯದ ಅತ್ಯಂತ ಹಿಂದುಳಿದ ತಾಲ್ಲೂಕುಗಳಲ್ಲಿ ಸೇರಿಸಿದ ತಾಲ್ಲೂಕಿದು. ಸುಗ್ಗಿ ಮುಗಿದ ಮೇಲೆ ಕುಟುಂಬಗಳು ಬೆಂಗಳೂರು, ಹೈದರಾಬಾದಿನ ಕಡೆ ಗುಳೆ ಹೋಗುತ್ತವೆ; ಚೊಚ್ಚಲ ಹೆರಿಗೆಗೆ ಸೊಸೆ ತವರಿಗೆ ಹೋಗುತ್ತಾಳೆ. ತಾಯಿ ಕಾರ್ಡ್ ಒಂದೂರಲ್ಲಿ, ತಾಯಿ ಇನ್ನೊಂದೂರಲ್ಲಿ ಎಂಬಂತಾದರೆ ಲಸಿಕೆ, ತಪಾಸಣೆ ಎರಡೂ ತಪ್ಪುತ್ತವೆ.

ಸೋಂಕು ಪತ್ತೆಯಲ್ಲಿ ಪ್ರಯೋಗಾಲಯಗಳ ಪಾತ್ರ ಜಿಲ್ಲೆಯ ಮಾನ್ವಿ ತಾಲ್ಲೂಕಿನಲ್ಲಿ ಕಾಣಿಸಿತು. 2022ರ ಡಿಸೆಂಬರ್‌ನಲ್ಲಿ ರಾಜ್ಯದ ಮೊದಲ ಝೀಕಾ ಪ್ರಕರಣ ಈ ತಾಲ್ಲೂಕಿನ ಒಬ್ಬ ಬಾಲಕಿಯಲ್ಲಿ ಪತ್ತೆಯಾಯಿತು. ಡೆಂಗಿ, ಚಿಕೂನ್‌ಗುನ್ಯಾ ಶಂಕೆಯಿಂದ ತೆಗೆದ ರಕ್ತದ ಮಾದರಿ ಪುಣೆಯ ರಾಷ್ಟ್ರೀಯ ವೈರಾಣು ಸಂಸ್ಥೆಗೆ ಹೋದದ್ದರಿಂದ ರೋಗ ಗೊತ್ತಾಯಿತು. ಮೂರೂ ರೋಗ ಹರಡುವ ಈಡಿಸ್ ಸೊಳ್ಳೆ ತಿಳಿನೀರಿನಲ್ಲಿ ಮೊಟ್ಟೆಯಿಡುತ್ತದೆ. ದಿನಗಟ್ಟಲೆ ನಲ್ಲಿ ಬಾರದ ಊರುಗಳಲ್ಲಿ ಜನ ಡ್ರಮ್ಮು, ಸಿಮೆಂಟ್ ತೊಟ್ಟಿಗಳಲ್ಲಿ ನೀರು ತುಂಬಿಡದೆ ಬದುಕುವಂತಿಲ್ಲ. ಆದ್ದರಿಂದ ಲಾರ್ವಾ ಸಮೀಕ್ಷೆ ಎಷ್ಟು ಮಾಡಿದರೂ ಮೂಲ ಇರುವುದು ನೀರು ಪೂರೈಕೆಯಲ್ಲಿ.

ನೀರಿನ ವಿಷಯದಲ್ಲೇ ಸಹಭಾಗಿತ್ವ ದುರ್ಬಲ. 2022ರ ಬೇಸಿಗೆಯ ಕೊನೆಗೆ ರಾಯಚೂರು ನಗರದಲ್ಲಿ ಕಲುಷಿತ ನೀರು ಕುಡಿದು ಅನೇಕರು ವಾಂತಿಭೇದಿಯಿಂದ ಆಸ್ಪತ್ರೆ ಸೇರಿದರು, ಕೆಲವರು ಸತ್ತರು. ಮರುವರ್ಷ ಮೇ ತಿಂಗಳಲ್ಲಿ ದೇವದುರ್ಗ ತಾಲ್ಲೂಕಿನ ರೇಕಲಮರಡಿಯಲ್ಲೂ ಅದೇ ಆಯಿತು. ಒಂದು ಮಗು ಪ್ರಾಣ ಕಳೆದುಕೊಂಡಿತು. ಕೃಷ್ಣೆ, ತುಂಗಭದ್ರೆ ಎರಡೂ ಹರಿಯುವ ಜಿಲ್ಲೆಯಲ್ಲಿ ಕುಡಿಯುವ ನೀರಿನಿಂದ ಜೀವ ಹೋಗುವುದು ಒಪ್ಪತಕ್ಕ ಮಾತಲ್ಲ. ಸಹಭಾಗಿತ್ವದ ಈ ದೌರ್ಬಲ್ಯಕ್ಕೆ ಕಾರಣಗಳಲ್ಲೊಂದು ಆಡಳಿತದ ಹಂಚಿಕೆ: ರಿಮ್ಸ್ ವೈದ್ಯಕೀಯ ಶಿಕ್ಷಣ ಇಲಾಖೆಯಡಿ, ಜಿಲ್ಲಾ ಆರೋಗ್ಯಾಧಿಕಾರಿ ಆರೋಗ್ಯ ಇಲಾಖೆಯಡಿ, ನಗರದ ನೀರು ಸ್ಥಳೀಯ ಸಂಸ್ಥೆಯದು, ಹಳ್ಳಿಯದು ಗ್ರಾಮ ಪಂಚಾಯಿತಿಯದು. ರೋಗಿಯನ್ನು ನೋಡುವವರು ಒಬ್ಬರು, ಪೈಪು ನೋಡುವವರು ಮತ್ತೊಬ್ಬರು.

ಈಚಿನ ಎರಡು ನಿಯಮಗಳು ಕಾಲೇಜನ್ನು ಹಳ್ಳಿಗೆ ಹತ್ತಿರ ತಂದಿವೆ. ಸ್ನಾತಕೋತ್ತರ ವೈದ್ಯಕೀಯ ವಿದ್ಯಾರ್ಥಿಗಳು ಮೂರು ತಿಂಗಳು ಜಿಲ್ಲಾ ಆರೋಗ್ಯ ವ್ಯವಸ್ಥೆಯಲ್ಲಿ ಕೆಲಸ ಮಾಡುವುದು ವೈದ್ಯಕೀಯ ಶಿಕ್ಷಣ ನಿಯಮಗಳ 2020ರ ತಿದ್ದುಪಡಿಯಿಂದ ಕಡ್ಡಾಯವಾಯಿತು. ಎಂಬಿಬಿಎಸ್ ವಿದ್ಯಾರ್ಥಿಗಳು ಕೆಲವು ಕುಟುಂಬಗಳನ್ನು ದತ್ತು ಪಡೆದು ವರ್ಷಗಳ ಕಾಲ ಅವರ ಆರೋಗ್ಯ ಗಮನಿಸುವ ಕ್ರಮ 2022ರಲ್ಲಿ ಬಂತು. ವೈದ್ಯಕೀಯ ಕಾಲೇಜುಗಳಾಚೆ, ರಾಯಚೂರು ನಗರದ ಕೃಷಿ ವಿಶ್ವವಿದ್ಯಾಲಯದಲ್ಲಿ ಪೀಡೆನಾಶಕ ಶೇಷ ಪರೀಕ್ಷಿಸುವ ಪ್ರಯೋಗಾಲಯವಿದೆ. ಹತ್ತಿ, ಮೆಣಸಿನಕಾಯಿ ಹೊಲಗಳಲ್ಲಿ ಔಷಧಿ ಹೊಡೆಯುವ ಕೂಲಿಕಾರರ ಆರೋಗ್ಯದ ಅಧ್ಯಯನಕ್ಕೆ ವೈದ್ಯರು ಮತ್ತು ಕೃಷಿ ವಿಜ್ಞಾನಿಗಳು ಒಟ್ಟಾಗಬೇಕಾದ ಜಾಗ ಅದು.

ಏಮ್ಸ್ ಬೇಕೆಂದು ರಾಯಚೂರಿನ ಜನ 2022ರಲ್ಲಿ ಧರಣಿ ಕೂತರು. ಆ ಬೇಡಿಕೆ ನ್ಯಾಯವಾದದ್ದು. ಆದರೆ ಈಗಿರುವ ಕಾಲೇಜುಗಳ ಪ್ರಯೋಗಾಲಯಗಳು ನಗರದ ಮತ್ತು ಹಳ್ಳಿಗಳ ನೀರಿನ ಮಾದರಿಗಳನ್ನು ತಪ್ಪದೆ ಪರೀಕ್ಷಿಸಿ, ಫಲಿತಾಂಶವನ್ನು ವಾರ್ಡಿನಲ್ಲೂ ಪಂಚಾಯಿತಿ ಕಚೇರಿಯಲ್ಲೂ ಅಂಟಿಸುವ ಕೆಲಸಕ್ಕೆ ಏಮ್ಸ್ ಬರುವವರೆಗೆ ಕಾಯಬೇಕಿಲ್ಲ. ಮುಂದಿನ ಬೇಸಿಗೆಗೆ ಮುನ್ನವೇ ಜಿಲ್ಲಾಡಳಿತ ಅದನ್ನು ಆರಂಭಿಸಬೇಕು.