ಹೆಲಿಕಾಪ್ಟರ್ ಸಾಗಣೆಯ ವೆಂಟಿಲೇಟರ್

ಸ್ವತಃ ಉಸಿರಾಡಲಾರದ ರೋಗಿಯನ್ನು ಹೆಲಿಕಾಪ್ಟರಿನಲ್ಲಿ ಸಾಗಿಸುವಾಗ ಬಳಸುವ, ಕೈಯಲ್ಲಿ ಎತ್ತಿ ಒಯ್ಯಬಹುದಾದ ಕೃತಕ ಉಸಿರಾಟದ ಯಂತ್ರ. ಐಸಿಯುನಲ್ಲಿ ಆಮ್ಲಜನಕವೂ ವಿದ್ಯುತ್ತೂ ಗೋಡೆಯಿಂದ ಬರುತ್ತವೆ. ಇಲ್ಲಿ ಎರಡನ್ನೂ ಹೊತ್ತುಕೊಂಡೇ ಹಾರಬೇಕು. ಹಾಗಾಗಿ ಕೊಳ್ಳುವವರು ಮೋಡ್‌ಗಳ ಉದ್ದ ಪಟ್ಟಿಗೆ ಮರುಳಾಗುವ ಬದಲು ಯಂತ್ರ ಎಷ್ಟು ಆಮ್ಲಜನಕ ಬಳಸುತ್ತದೆ, ಎತ್ತರದಲ್ಲಿ ಹೇಗೆ ವರ್ತಿಸುತ್ತದೆ ಎಂದು ಮೊದಲು ಕೇಳಬೇಕು.

ಡ್ರೇಗರ್‌ನ ಆಕ್ಸಿಲಾಗ್ 3000ದಂಥವು ಸಿಲಿಂಡರಿನ ಒತ್ತಡವನ್ನೇ ನೆಚ್ಚಿವೆ. ಗ್ಯಾಸ್ ಮುಗಿದರೆ ಉಸಿರೂ ನಿಂತಿತು, ಮುಂದೆ ಕೈಯಿಂದ ಒತ್ತಿ ಉಸಿರು ಕೊಡುವ ಆಂಬು ಬ್ಯಾಗೇ ಗತಿ. ಸುಮಾರು 6.5 ಕಿಲೋ ತೂಗುವ ಹ್ಯಾಮಿಲ್ಟನ್-ಟಿ1ನಲ್ಲಿ ಟರ್ಬೈನ್ ಇದೆ. ಸುತ್ತಲಿನ ಗಾಳಿಯನ್ನೇ ಎಳೆದುಕೊಂಡು, ಬೇಕಾದಷ್ಟು ಆಮ್ಲಜನಕ ಬೆರೆಸಿ ಕೊಡುತ್ತದೆ. ನಿಮಿಷಕ್ಕೆ 8 ಲೀಟರ್ ಉಸಿರು ಬೇಕಾದ ರೋಗಿಗೆ ಶೇ. 100 ಆಮ್ಲಜನಕ ಕೊಟ್ಟರೆ ಎಂಟೂ ಲೀಟರ್ ಸಿಲಿಂಡರಿನಿಂದಲೇ ಬರಬೇಕು, ಶೇ. 60 ಸಾಕಾದರೆ ಟರ್ಬೈನ್ ಯಂತ್ರಕ್ಕೆ ಸುಮಾರು 4 ಲೀಟರ್ ಸಾಲುತ್ತದೆ. ಆದರೆ ರೋಗಿಯ ಉಸಿರಿನ ಯತ್ನವನ್ನು ಗುರುತಿಸಲು ಕೆಲವು ಯಂತ್ರಗಳು ಕೊಳವೆಯಲ್ಲಿ ಸದಾ ಹರಿಸುವ ಬಯಾಸ್ ಫ್ಲೋ ಈ ಲೆಕ್ಕದಲ್ಲಿ ಕಾಣುವುದಿಲ್ಲ. ಅದು ನಿಮಿಷಕ್ಕೆ 4 ಲೀಟರ್ ಇದ್ದರೆ, ಶೇ. 100 ಆಮ್ಲಜನಕದಲ್ಲಿ ಮೂರು ಗಂಟೆ ಬರಬೇಕಾದ 1,500 ಲೀಟರಿನ ಬಿ-ಟೈಪ್ ಸಿಲಿಂಡರ್ ಎರಡೇ ಗಂಟೆಗೆ ಖಾಲಿ.

ಹೆಲಿಕಾಪ್ಟರಿನ ಒಳಗೆ ವಾಯುಒತ್ತಡ ಕಾಯ್ದುಕೊಳ್ಳುವ ಏರ್ಪಾಡು ಸಾಮಾನ್ಯವಾಗಿ ಇರುವುದಿಲ್ಲ. ಸುಮಾರು 3,500 ಮೀಟರ್ ಎತ್ತರದ ಲೇಹ್‌ನಲ್ಲಿ ಒತ್ತಡ ಸಮುದ್ರಮಟ್ಟದ ಮೂರನೇ ಎರಡರಷ್ಟು. ಅಂದರೆ ಅನಿಲ ಒಂದೂವರೆ ಪಟ್ಟು ಹಿಗ್ಗುತ್ತದೆ. ಎತ್ತರಕ್ಕೆ ತಕ್ಕಂತೆ ತಿದ್ದಿಕೊಳ್ಳದ ಯಂತ್ರ ಶ್ವಾಸಕೋಶಕ್ಕೆ ನಿಗದಿಗಿಂತ ಹೆಚ್ಚು ಗಾಳಿ ತುಂಬಬಹುದು. ಉಸಿರುನಾಳದ ಟ್ಯೂಬಿನ ಸುತ್ತ ಗಾಳಿ ತುಂಬಿದ ಕಫ್ ಕೂಡ ಉಬ್ಬುವುದರಿಂದ ಅದರ ಒತ್ತಡವನ್ನು 20–30 ಸೆಂ.ಮೀ. ನೀರಿನ ಮಟ್ಟದಲ್ಲಿಡಲು ಮಾಪಕ ಬೇಕು.

ರೋಟರಿನ ಅಬ್ಬರದಲ್ಲಿ ಅಲಾರಂ ಕೇಳಿಸದು. ದೂರಕ್ಕೂ ಕಾಣುವ ದೀಪ ಅಗತ್ಯ, ಆದರೆ ರಾತ್ರಿದೃಷ್ಟಿ ಕನ್ನಡಕ ತೊಟ್ಟ ಪೈಲಟ್‌ಗೆ ಅದೇ ದೀಪ ತೊಡಕು. ಕಂಪನವನ್ನು ರೋಗಿಯ ಉಸಿರೆಂದು ತಪ್ಪು ತಿಳಿದು ಯಂತ್ರ ಗಾಳಿ ತಳ್ಳುವುದೂ ಉಂಟು. ಕಂಪನ, ವಿದ್ಯುತ್ಕಾಂತೀಯ ಅಡಚಣೆಗಳ ಪರೀಕ್ಷೆಗೆ ಆರ್‌ಟಿಸಿಎ ಡಿಒ-160 ಎಂಬ ಮಾನದಂಡವಿದೆ.

ಕೋವಿಡ್ ಕಾಲದಲ್ಲಿ, 2020ರಲ್ಲಿ, ಸರ್ಕಾರಿ ಸಂಸ್ಥೆ ಬಿಇಎಲ್, ಮೈಸೂರಿನ ಸ್ಕ್ಯಾನ್‌ರೇ ಜೊತೆಗೂಡಿ 30,000 ವೆಂಟಿಲೇಟರ್ ತಯಾರಿಸಿತು. ಆದರೆ ಅವು ಐಸಿಯು ಹಾಸಿಗೆಗೆಂದೇ ರೂಪಿಸಿದವು. ಇನ್ನು ಸಾಗಣೆಯ ವಾಹನದ ಮಟ್ಟಿಗೆ, ಬೆಂಗಳೂರಿನ ಎಚ್‌ಎಎಲ್ ನಿರ್ಮಿಸುವ ಧ್ರುವ್ ಹೆಲಿಕಾಪ್ಟರನ್ನು ಆಂಬುಲೆನ್ಸ್ ಆಗಿಯೂ ಸಜ್ಜುಗೊಳಿಸಬಹುದು. ಋಷಿಕೇಶದ ಏಮ್ಸ್‌ನಲ್ಲಿ 2024ರ ಅಕ್ಟೋಬರಿನಲ್ಲಿ ಹೆಲಿ-ಆಂಬುಲೆನ್ಸ್ ಸೇವೆ ಆರಂಭವಾಯಿತು.