ಕರಪತ್ರದ ದಪ್ಪಕ್ಷರ

ಚಪ್ಪಟೆ ಪಾದದ ದಪ್ಪ ರೋಮನ್ ಅಕ್ಷರವನ್ನು 1815ರ ಸುಮಾರಿಗೆ ಲಂಡನ್ನಿನ ವಿನ್ಸೆಂಟ್ ಫಿಗಿನ್ಸ್ ಮಾರುಕಟ್ಟೆಗೆ ತಂದ. ಅದು ಪುಸ್ತಕಕ್ಕಿಂತ ಹೆಚ್ಚಾಗಿ ಗೋಡೆಯ ಜಾಹೀರಾತಿಗೆ ಒದಗಿದ ಅಕ್ಷರ. ಕನ್ನಡದ ಅಚ್ಚುಮೊಳೆ ಆಗಿನ್ನೂ ಎಳೆಯದು. ವಿಲಿಯಂ ಕೇರಿಯ ಕನ್ನಡ ವ್ಯಾಕರಣ ಸೆರಾಂಪುರದಲ್ಲಿ ಅಚ್ಚಾದದ್ದು 1817ರಲ್ಲಿ. ಕರಾವಳಿಯಲ್ಲಿ ಬಾಸೆಲ್ ಮಿಷನ್ ಮಂಗಳೂರಿನಲ್ಲಿ ಮುದ್ರಣಾಲಯ ತೆರೆಯಿತು. 1843ರ ‘ಮಂಗಳೂರ ಸಮಾಚಾರ’ ಕಲ್ಲಚ್ಚಿನಲ್ಲಿ ಹೊರಬಂತು.

ಭಟ್ಕಳ, ಹೊನ್ನಾವರ, ಕುಮಟಾಗಳಲ್ಲಿ ದಪ್ಪಕ್ಷರಕ್ಕೆ ನಿಜವಾದ ಕೆಲಸ ಕೊಟ್ಟದ್ದು ಯಕ್ಷಗಾನ. ಹೊನ್ನಾವರ ತಾಲೂಕಿನ ಕೆರೆಮನೆ ಶಿವರಾಮ ಹೆಗಡೆಯವರು 1934ರಲ್ಲಿ ಇಡಗುಂಜಿ ಮೇಳ ಕಟ್ಟಿದರು. ಆಟದ ಕರಪತ್ರದಲ್ಲಿ ಮೇಳದ ಹೆಸರು, ಪ್ರಸಂಗದ ಹೆಸರು ದೂರದಿಂದಲೇ ಕಾಣಬೇಕು. ಆದರೆ ರೋಮನ್ ಲಿಪಿಗಿಲ್ಲದ ತೊಡಕೊಂದು ಇಲ್ಲಿದೆ. ‘ಯಕ್ಷಗಾನ’ ಎಂಬಲ್ಲಿ ‘ಷ’ ಕೆಳಗಿಳಿಯುತ್ತದೆ. ‘ಭಟ್ಕಳ’, ‘ಹೊನ್ನಾವರ’ಗಳಿಗೂ ಒತ್ತು ಬೇಕು, ‘ಕುಮಟಾ’ಕ್ಕೆ ಬೇಡ. ಗೆರೆ ದಪ್ಪವಾದಷ್ಟೂ ಒತ್ತಕ್ಷರದ ಒಳಗಿನ ಬಿಳಿ ಜಾಗ ಮಸಿಯಲ್ಲಿ ಮುಚ್ಚಿಹೋಗುತ್ತದೆ. ಈ ಲಿಪಿಯನ್ನು ದಪ್ಪಗೊಳಿಸುವುದೇ ಒಂದು ಕುಶಲಕಲೆ.

ಒತ್ತಿನ ತೊಡಕು ಓರೆ ಅಕ್ಷರದಲ್ಲೂ (ಇಟ್ಯಾಲಿಕ್) ಇದೆ. ರೋಮನ್ ಲಿಪಿಯ ಓರೆ ಅಕ್ಷರ 1501ರ ವೆನಿಸ್ಸಿನ ಪುಸ್ತಕಗಳಿಂದ ಪ್ರಸಿದ್ಧವಾಯಿತು. ಕನ್ನಡಕ್ಕೆ ಅಂಥ ಪ್ರತ್ಯೇಕ ಬರವಣಿಗೆಯ ಪರಂಪರೆಯಿಲ್ಲ. ಕಂಪ್ಯೂಟರ್ ನೇರ ಅಕ್ಷರವನ್ನೇ ಬಲಕ್ಕೆ ವಾಲಿಸಿದರೆ ತಲೆಕಟ್ಟು ಬಲಕ್ಕೆ ಜಾರುತ್ತದೆ, ಒತ್ತು ಎಡಕ್ಕೆ ಸರಿದು ಮೂಲಾಕ್ಷರದ ಅಡಿಗೆ ನುಸುಳುತ್ತದೆ. ಹಾಗಾಗಿ ಒಳ್ಳೆಯ ವಿನ್ಯಾಸಕರು ಓರೆಯ ಒತ್ತುಗಳನ್ನು ಬೇರೆಯಾಗಿಯೇ ತಿದ್ದಿ ಕೂರಿಸುತ್ತಾರೆ.