ಓಡಿದರೆ ಕಟ್ಟುವ ಉಸಿರು

ನಮ್ಮ ಕರಾವಳಿಯಲ್ಲಿ ಅದನ್ನು ಉಬ್ಬಸ ಎನ್ನುತ್ತಾರೆ. ಘಟ್ಟ ಹತ್ತಿದರೆ ಗೂರಲು, ದಮ್ಮು. ವೈದ್ಯರ ಚೀಟಿಯಲ್ಲಿ ಅಸ್ತಮಾ. ಹೆಸರು ಯಾವುದೇ ಇರಲಿ, ದೀಪಾವಳಿ ಕಳೆದು ಶಾಲೆಗಳಲ್ಲಿ ಆಟೋಟ ಸ್ಪರ್ಧೆಯ ತಯಾರಿ ಶುರುವಾಗುವ ಹೊತ್ತಿಗೆ ಅದು ಅಧ್ಯಾಪಕರ ಕೋಣೆಗೂ ಬಂದು ಮುಟ್ಟುತ್ತದೆ. ‘ಮಗಳಿಗೆ ಉಬ್ಬಸದ ತೊಂದರೆ ಇದೆ, ದಯವಿಟ್ಟು ಓಡಿಸಬೇಡಿ’ ಎಂಬ ಒಂದು ಸಾಲಿನ ಚೀಟಿ. ಅಂಥ ಮಕ್ಕಳು ಮೈದಾನದ ಬದಿಯ ಮರದ ಬುಡದಲ್ಲಿ ಕುಳಿತು, ಓಡುವವರ ಚಪ್ಪಲಿ, ನೀರಿನ ಬಾಟಲಿ ಕಾಯುತ್ತಾರೆ. ಗಂಡುಹುಡುಗರು ಎರಡು ದಿನ ಕಳೆದ ಮೇಲೆ ಹೇಗಾದರೂ ಮಾಡಿ ಆಟಕ್ಕೆ ನುಗ್ಗಿಬಿಡುತ್ತಾರೆ. ಹೆಣ್ಣುಮಕ್ಕಳು ಮಾತ್ರ ಹತ್ತನೇ ತರಗತಿ ಮುಗಿಯುವವರೆಗೂ ಅಲ್ಲೇ ಕುಳಿತಿರುತ್ತಾರೆ.

ನಾನು ಸಮಾಜ ಪಾಠ ಹೇಳುವವಳು. ಯಾವುದೇ ಮಾತು ಕೇಳಿದರೂ ಇದು ಎಂದಿನಿಂದ ಬಂತು, ಯಾರು ಹೇಳಿದರು ಎಂದು ಹುಡುಕುವುದು ಚರಿತ್ರೆ ಕಲಿಸುವವರ ಚಾಳಿ. ‘ಉಬ್ಬಸ ಇದ್ದವರು ಓಡಬಾರದು’ ಎಂಬ ಈ ಮಾತಿಗೂ ಒಂದು ಚರಿತ್ರೆ ಇದೆ. ಅದು ತಾಯಂದಿರಿಗೆ ಗೊತ್ತಿರಬೇಕಾದ ಚರಿತ್ರೆ ಎಂದು ನನಗೆ ಅನ್ನಿಸುತ್ತದೆ.

ಅಸ್ತಮಾ ಎನ್ನುವುದು ಗ್ರೀಕರ ಶಬ್ದ. ಏದುಸಿರು ಬಿಡುವುದು ಎಂದು ಅದರ ಅರ್ಥ. ಸುಮಾರು 1,900 ವರ್ಷಗಳ ಹಿಂದೆ, ಈಗಿನ ತುರ್ಕಿ ದೇಶದ ಕಪಡೋಶಿಯ ಎಂಬಲ್ಲಿನ ಅರಿಟಿಯಸ್ ಎಂಬ ವೈದ್ಯ, ಓಟದಿಂದಲೋ ವ್ಯಾಯಾಮದಿಂದಲೋ ಬೇರೆ ಶ್ರಮದಿಂದಲೋ ಉಸಿರಾಟ ಕಷ್ಟವಾದರೆ ಅದೇ ಅಸ್ತಮಾ ಎಂದು ಬರೆದಿಟ್ಟ. ಅಂದರೆ ಈ ಕಾಯಿಲೆಯ ಹಳೆಯ ವಿವರಣೆಯಲ್ಲೇ ಓಟ ಬಂದು ಸೇರಿದೆ. ನಮ್ಮ ಚರಕ ಸಂಹಿತೆಯಲ್ಲಿ ಶ್ವಾಸರೋಗಗಳು ಐದು ಬಗೆ. ಶ್ರಮದಿಂದ ಹುಟ್ಟಿ, ದೇಹಕ್ಕೆ ಅಷ್ಟೇನೂ ಬಾಧೆ ಕೊಡದೆ ಅಡಗುವುದು ಕ್ಷುದ್ರಶ್ವಾಸ. ಮೋಡ ಕವಿದಾಗ, ಮಳೆ ಬಂದಾಗ, ತಂಪು ಹವೆಯಲ್ಲಿ, ಮೂಡಣ ಗಾಳಿಗೆ ಹೆಚ್ಚಾಗುವುದು, ಮಲಗಲು ಬಿಡದೆ ಕುಳಿತರಷ್ಟೇ ಸಮಾಧಾನ ಕೊಡುವುದು ತಮಕಶ್ವಾಸ. ಇಂದಿನ ಅಸ್ತಮಾಕ್ಕೆ ತೀರ ಹತ್ತಿರವಾದದ್ದು ಈ ತಮಕಶ್ವಾಸವೇ. ರಾತ್ರಿಯಿಡೀ ಗೋಡೆಗೆ ದಿಂಬು ಇಟ್ಟು ಮಗುವನ್ನು ಒರಗಿಸಿ ಕೂರಿಸಿದ ತಾಯಿಗೆ ಈ ವಿವರಣೆ ಯಾರೂ ಬಿಡಿಸಿ ಹೇಳಬೇಕಾಗಿಲ್ಲ.

1698ರಲ್ಲಿ ಇಂಗ್ಲೆಂಡಿನ ಜಾನ್ ಫ್ಲಾಯರ್ ಎಂಬ ವೈದ್ಯ ಅಸ್ತಮಾದ ಮೇಲೆಯೇ ಒಂದು ಗ್ರಂಥ ಬರೆದ. ಆತನೂ ಆ ರೋಗದಿಂದ ನರಳಿದವನೇ. ಎಲ್ಲ ಶ್ರಮವೂ ಒಂದೇ ತರ ಉಸಿರು ಕಟ್ಟಿಸುವುದಿಲ್ಲ, ಬೇರೆ ಬೇರೆ ವ್ಯಾಯಾಮಕ್ಕೆ ಬೇರೆ ಬೇರೆ ಪರಿಣಾಮ ಎಂಬುದನ್ನು ಆತ ಗಮನಿಸಿದ್ದ. ಇದು ಬಹಳ ಬೆಲೆಯುಳ್ಳ ಮಾತು. ಆದರೆ ಔಷಧವೇ ಸರಿಯಾಗಿ ಇಲ್ಲದ ಕಾಲದಲ್ಲಿ ಇಂಥ ಸೂಕ್ಷ್ಮಕ್ಕೆ ಯಾರು ಕಿವಿಗೊಡುತ್ತಾರೆ? ಸುಮ್ಮನೆ ಕುಳಿತುಕೊಳ್ಳುವುದೇ ಕ್ಷೇಮವಾಗಿತ್ತು.

ಔಷಧದ ಮಾತು ಬಂತು ಎಂದರೆ ಒಂದು ಸ್ವಾರಸ್ಯದ ಸಂಗತಿ ಹೇಳಲೇಬೇಕು. 1802ರಲ್ಲಿ ಜನರಲ್ ಜೆಂಟ್ ಎಂಬ ಅಧಿಕಾರಿ ಮದರಾಸಿನಿಂದ ಇಂಗ್ಲೆಂಡಿಗೆ ಒಂದು ಮದ್ದು ಒಯ್ದ. ಅದನ್ನು ಅವನಿಗೆ ತಿಳಿಸಿದವನು ಮದರಾಸಿನ ಮುಖ್ಯ ವೈದ್ಯಾಧಿಕಾರಿ ಡಾ. ಆಂಡರ್ಸನ್. ಮದ್ದು ಬೇರೆ ಏನಲ್ಲ, ಉಮ್ಮತ್ತಿ ಗಿಡ. ಅದನ್ನು ಒಣಗಿಸಿ ಹೊಗೆ ಸೇದಿದರೆ ಉಸಿರು ಸಡಿಲವಾಗುತ್ತದೆ ಎಂಬುದು ನಮ್ಮ ದೇಶದವರಿಗೆ ಮೊದಲೇ ತಿಳಿದಿತ್ತು. ಆಗಷ್ಟೇ ನಮ್ಮ ಕನ್ನಡ ಜಿಲ್ಲೆಯೂ ಟಿಪ್ಪುವಿನ ಕೈಯಿಂದ ಕಂಪೆನಿಯ ಕೈಗೆ ಹೋಗಿ ಮದರಾಸು ಪ್ರಾಂತ್ಯಕ್ಕೆ ಸೇರಿತ್ತು. ಆಮೇಲೆ ಯುರೋಪಿನಲ್ಲಿ ಉಮ್ಮತ್ತಿಯ ‘ಅಸ್ತಮಾ ಸಿಗರೇಟು’ಗಳು ನೂರು ವರ್ಷಕ್ಕೂ ಮಿಕ್ಕಿ ಮಾರಾಟವಾದವು. ಉಮ್ಮತ್ತಿ ವಿಷ, ಯಾರೂ ಪ್ರಯೋಗ ಮಾಡಲು ಹೋಗಬಾರದು. ಆದರೆ ಅದೇ ಜಾತಿಯ ಗಿಡಗಳಲ್ಲಿರುವ ಅಟ್ರೋಪಿನ್ ಎಂಬ ಅಂಶವನ್ನು ಮಾರ್ಪಡಿಸಿ ಮಾಡಿದ ಇಪ್ರಟ್ರೋಪಿಯಂ ಎಂಬ ಔಷಧವನ್ನು ಇಂದೂ ಆಸ್ಪತ್ರೆಗಳಲ್ಲಿ ಉಸಿರಿನ ಮೂಲಕ ಕೊಡುತ್ತಾರೆ.

ನಿಜವಾದ ಬದಲಾವಣೆ ಬಂದದ್ದು ಇಪ್ಪತ್ತನೆಯ ಶತಮಾನದ ನಡುವಿನಲ್ಲಿ. ಅದರ ಹಿಂದೆ ಒಬ್ಬ ಹುಡುಗಿ ಇದ್ದಾಳೆ. ಅಮೆರಿಕದ ಔಷಧ ಕಂಪೆನಿಯೊಂದರ ಮುಖ್ಯಸ್ಥನಿಗೆ 13 ವರ್ಷದ ಮಗಳಿದ್ದಳು, ಅವಳಿಗೆ ಅಸ್ತಮಾ. ಆಗ ಗಾಜಿನ ಬುರುಡೆಗೆ ರಬ್ಬರಿನ ಉಂಡೆ ಸಿಕ್ಕಿಸಿ ಹಿಸುಕಿ ಹಿಸುಕಿ ಔಷಧ ಎಳೆದುಕೊಳ್ಳಬೇಕಿತ್ತು. ಕೂದಲಿಗೆ ಹೊಡೆಯುವ ಸ್ಪ್ರೇ ಇದೆಯಲ್ಲ, ನನ್ನ ಔಷಧವನ್ನೂ ಹಾಗೆಯೇ ಡಬ್ಬಿಯಲ್ಲಿ ತುಂಬಿಸಿ ಕೊಡಬಾರದೇಕೆ ಎಂದು ಅವಳು ಅಪ್ಪನನ್ನು ಕೇಳಿದಳು. ಆ ಪ್ರಶ್ನೆಯಿಂದ ಹುಟ್ಟಿದ್ದೇ 1956ರಲ್ಲಿ ಮಾರುಕಟ್ಟೆಗೆ ಬಂದ, ಒತ್ತಿದರೆ ಅಳತೆಯಷ್ಟೇ ಔಷಧ ಬರುವ ಇನ್‌ಹೇಲರ್. ನಾವು ‘ಪಂಪು’ ಎನ್ನುವುದು ಇದನ್ನೇ. 1969ರಲ್ಲಿ ಸಾಲ್ಬ್ಯುಟಮಾಲ್ ಬಂತು. 1972ರಲ್ಲಿ, ಶ್ವಾಸನಾಳದ ಒಳಗಿನ ಊತವನ್ನೇ ತಗ್ಗಿಸುವ ಬೆಕ್ಲೊಮೆಥಾಸೋನ್ ಎಂಬ ಸ್ಟಿರಾಯ್ಡನ್ನು ಉಸಿರಿನಲ್ಲಿ ಎಳೆದುಕೊಳ್ಳುವಂತಾಯಿತು.

ಇದೇ ಕಾಲದಲ್ಲಿ ವೈದ್ಯರು ಮಕ್ಕಳನ್ನು ಕೂರಿಸುವ ಬದಲು ಓಡಿಸಿ ನೋಡತೊಡಗಿದರು. 1962ರಲ್ಲಿ ಇಂಗ್ಲೆಂಡಿನ ಜೋನ್ಸ್ ಮತ್ತು ಅವರ ಸಂಗಡಿಗರು ಅಸ್ತಮಾ ಇರುವ ಮಕ್ಕಳ ಉಸಿರಾಟದ ಮೇಲೆ ವ್ಯಾಯಾಮದ ಪರಿಣಾಮವನ್ನು ಅಳೆದು ಪ್ರಕಟಿಸಿದರು. ಅಂಥ ಅಧ್ಯಯನಗಳಿಂದ ತಿಳಿದುಬಂದ ಮುಖ್ಯ ಸಂಗತಿ ಇದು: ಉಸಿರು ಹೆಚ್ಚು ಕಟ್ಟುವುದು ಓಡುವಾಗ ಅಲ್ಲ, ಓಡಿ ನಿಂತ ಮೇಲೆ. ಓಟ ಮುಗಿದ ಐದು ಹತ್ತು ನಿಮಿಷಗಳಲ್ಲಿ ಅದು ಏರುತ್ತದೆ, ಸಾಮಾನ್ಯವಾಗಿ ಅರ್ಧ ಒಂದು ಗಂಟೆಯಲ್ಲಿ ಇಳಿಯುತ್ತದೆ. ದಣಿದ ಮಗು ನಿಂತ ಮೇಲೆ ನಿಮಿಷ ನಿಮಿಷಕ್ಕೂ ಚೇತರಿಸಿಕೊಳ್ಳುತ್ತದೆ, ಈ ಮಗು ನಿಂತ ಮೇಲೆ ಕೆಮ್ಮತೊಡಗುತ್ತದೆ. ಸೋಮಾರಿ, ನೆಪ ಹೇಳುತ್ತಾಳೆ ಎಂದು ಬೈಸಿಕೊಳ್ಳುವ ಎಷ್ಟೋ ಹುಡುಗಿಯರ ಗುಟ್ಟು ಈ ಕೆಮ್ಮಿನಲ್ಲಿದೆ.

ಹೀಗೇಕೆ ಆಗುತ್ತದೆ? ಸುಮ್ಮನೆ ಕುಳಿತಾಗ ದೊಡ್ಡವರು ನಿಮಿಷಕ್ಕೆ ಆರೇಳು ಲೀಟರ್ ಗಾಳಿ ಎಳೆದುಕೊಂಡರೆ, ಜೋರಾಗಿ ಓಡುವ ಕ್ರೀಡಾಪಟು ನೂರು ಲೀಟರಿಗೂ ಹೆಚ್ಚು ಎಳೆಯುತ್ತಾರೆ. ಅಷ್ಟು ಗಾಳಿಯನ್ನು ಬಿಸಿ ಮಾಡಿ ತೇವ ಮಾಡಿ ಒಳಗೆ ಕಳುಹಿಸಲು ಮೂಗಿಗೆ ಸಾಧ್ಯವಿಲ್ಲ. ಬಾಯಿಂದ ನೇರವಾಗಿ ನುಗ್ಗುವ ಗಾಳಿ, ಹಗ್ಗದ ಮೇಲಿನ ಒದ್ದೆ ಬಟ್ಟೆಯನ್ನು ಒಣಗಿಸಿದಂತೆ, ಶ್ವಾಸನಾಳದ ಒಳಪದರದ ನೀರನ್ನೂ ಶಾಖವನ್ನೂ ಹೀರಿಬಿಡುತ್ತದೆ. ಆಗ ಅಲ್ಲಿನ ಕೆಲವು ಕೋಶಗಳು ಹಿಸ್ಟಮಿನ್‌ನಂಥ ರಾಸಾಯನಿಕಗಳನ್ನು ಹೊರಹಾಕುತ್ತವೆ, ನಾಳದ ಸುತ್ತಲಿನ ಸ್ನಾಯು ಬಿಗಿಯುತ್ತದೆ, ದಾರಿ ಕಿರಿದಾಗುತ್ತದೆ. ಗಾಳಿ ತಂಪಾಗಿ ಒಣಗಿದ್ದಷ್ಟೂ ಬಿಗಿತ ಹೆಚ್ಚು. ಹಿಮದಲ್ಲಿ ಸ್ಕೀಯಿಂಗ್ ಮಾಡುವ ಕ್ರೀಡಾಪಟುಗಳಲ್ಲಿ ಈ ತೊಂದರೆ ಬಹಳ. ಕೊಳದ ಮೇಲಿನ ಬೆಚ್ಚನೆಯ ತೇವದ ಗಾಳಿ ಉಸಿರಾಡುವ ಈಜುಗಾರರಿಗೆ ಸಾಮಾನ್ಯವಾಗಿ ಕಡಿಮೆ, ಆದರೆ ವರ್ಷಗಟ್ಟಲೆ ಕ್ಲೋರಿನ್ ಗಾಳಿಯಲ್ಲಿ ತರಬೇತಿ ಪಡೆಯುವವರಿಗೆ ಅದೂ ಬಾಧಿಸುವುದುಂಟು.

ಹಾಗಾದರೆ ನಾವು ದಿನಾ ಬೈಯುವ ಮಂಗಳೂರಿನ ಸೆಕೆ ಈ ಒಂದು ವಿಷಯದಲ್ಲಿ ನಮ್ಮ ಮಕ್ಕಳ ಪಕ್ಷ ಎಂದಾಯಿತು! ಬೆಚ್ಚನೆಯ ತೇವದ ಗಾಳಿಯಲ್ಲಿ ಓಡಿದರೆ ನಾಳ ಅಷ್ಟು ಬೇಗ ಒಣಗುವುದಿಲ್ಲ. ಇಲ್ಲಿ ಚೆನ್ನಾಗಿ ಓಡಿದ ಹುಡುಗಿಗೆ ಡಿಸೆಂಬರಿನ ಬೆಂಗಳೂರಿನಲ್ಲೋ ಮಡಿಕೇರಿಯಲ್ಲೋ ಬೆಳಗಿನ ಸ್ಪರ್ಧೆಯಲ್ಲಿ ಉಸಿರು ಕಟ್ಟಿದರೆ ಅದಕ್ಕೆ ಅಂಜಿಕೆಯೊಂದೇ ಕಾರಣವಾಗಿರಬೇಕಿಲ್ಲ, ಗಾಳಿಯೂ ಕಾರಣವಿರಬಹುದು. ಆದರೆ ಕರಾವಳಿಗೆ ಅದರದೇ ಕಷ್ಟಗಳಿವೆ. ಮಳೆಗಾಲದಲ್ಲಿ ಗೋಡೆಗೆ ಹತ್ತುವ ಬೂಷ್ಟು, ಒಣಗದ ಹಾಸಿಗೆಯಲ್ಲಿ ಬೆಳೆಯುವ ಕಣ್ಣಿಗೆ ಕಾಣದ ನುಸಿಗಳು ಅಸ್ತಮಾವನ್ನು ಕೆರಳಿಸುತ್ತವೆ. ಹಾಗೆ ಮೊದಲೇ ಕೆರಳಿದ ನಾಳ ಸಣ್ಣ ಓಟಕ್ಕೂ ಬಿಗಿಯುತ್ತದೆ. ಇನ್ನು ಚಳಿಗಾಲದ ಬೆಳಗ್ಗೆ ಘಟ್ಟದ ಕಡೆಯಿಂದ ಬೀಸುವ ಒಣಗಾಳಿ, ಮೈದಾನದ ಕೆಂಪು ಧೂಳು. ನಮ್ಮ ಶಾಲೆಗಳ ಆಟೋಟ ನಡೆಯುವುದು ಸರಿಯಾಗಿ ಅದೇ ಹೊತ್ತಿನಲ್ಲಿ.

ವಾಹನಗಳ ಹೊಗೆಯ ಕಥೆ ಬೇರೆಯೇ ಇದೆ. ಬೆಂಗಳೂರಿನ ಮಕ್ಕಳ ಶ್ವಾಸರೋಗ ತಜ್ಞರಾದ ಡಾ. ಎಚ್. ಪರಮೇಶ್ ಅವರು ಆಸ್ಪತ್ರೆಗೆ ಬಂದ 20,000 ಮಕ್ಕಳ ಅಧ್ಯಯನ ನಡೆಸಿದರು. 1979ರಲ್ಲಿ ಅಸ್ತಮಾ ಇದ್ದ ಮಕ್ಕಳು ಶೇಕಡಾ 9. 1999ಕ್ಕೆ ಶೇಕಡಾ 29.5. ಇದು ಆಸ್ಪತ್ರೆಯ ಲೆಕ್ಕ, ಊರಿನ ಎಲ್ಲ ಮಕ್ಕಳ ಲೆಕ್ಕವಲ್ಲ. ಆದರೆ 12 ಶಾಲೆಗಳ 6,550 ಮಕ್ಕಳನ್ನು ನೋಡಿದಾಗಲೂ, ವಾಹನ ಸಂಚಾರ ಕಡಿಮೆ ಇರುವ ಕಡೆಯ ಶಾಲೆಗಳಲ್ಲಿ ಶೇಕಡಾ 11ರಷ್ಟು, ಹೆಚ್ಚು ಇರುವ ಕಡೆ ಶೇಕಡಾ 19ರಷ್ಟು, ಹೆಚ್ಚು ಸಂಚಾರವೂ ಬಡತನವೂ ಕೂಡಿದ ಕಡೆ ಶೇಕಡಾ 31ರಷ್ಟು ಮಕ್ಕಳಿಗೆ ಅಸ್ತಮಾ ಕಂಡುಬಂತು. ಹೆದ್ದಾರಿಯ ಬದಿಯಲ್ಲಿ ಶಾಲೆಯೂ ಮೈದಾನವೂ ಇರುವ ಮಂಗಳೂರಿಗರು ಈ ಲೆಕ್ಕವನ್ನು ಬೆಂಗಳೂರಿನವರದ್ದು ಎಂದು ಬದಿಗಿಡುವಂತಿಲ್ಲ.

ಇನ್ನು ಕ್ರೀಡಾರಂಗಕ್ಕೆ ಬರೋಣ. 1972ರ ಮ್ಯೂನಿಕ್ ಒಲಿಂಪಿಕ್ಸ್‌ನಲ್ಲಿ ಅಮೆರಿಕದ 16 ವರ್ಷದ ರಿಕ್ ಡಿಮಾಂಟ್ 400 ಮೀಟರ್ ಈಜಿನಲ್ಲಿ ಒಂದು ಸೆಕೆಂಡಿನ ನೂರನೇ ಒಂದು ಪಾಲಿನಷ್ಟು ಅಂತರದಿಂದ ಚಿನ್ನ ಗೆದ್ದ. ಅವನ ಅಸ್ತಮಾ ಮಾತ್ರೆಯಲ್ಲಿ ನಿಷೇಧಿತ ಎಫೆಡ್ರಿನ್ ಇತ್ತು. ಯಾವ ಔಷಧ ತೆಗೆದುಕೊಳ್ಳುತ್ತೇನೆ ಎಂದು ಅವನು ಮೊದಲೇ ಬರೆದುಕೊಟ್ಟಿದ್ದ. ಆದರೂ ಪದಕ ಹೋಯಿತು. ಮರುವರ್ಷ ಬೆಲ್‌ಗ್ರೇಡಿನಲ್ಲಿ ಅದೇ ಹುಡುಗ 400 ಮೀಟರನ್ನು ನಾಲ್ಕು ನಿಮಿಷದೊಳಗೆ ಈಜಿದ ಮೊದಲಿಗನಾದ. ಹುಡುಗ ಮೊದಲೇ ತಿಳಿಸಿದ್ದ ಎಂದು ಅಮೆರಿಕದ ಒಲಿಂಪಿಕ್ ಸಮಿತಿ ಒಪ್ಪಿಕೊಂಡದ್ದು 2001ರಲ್ಲಿ. ಪದಕ ಮಾತ್ರ ಮರಳಿ ಬರಲಿಲ್ಲ.

ಆ ಪಾಠ ವ್ಯರ್ಥವಾಗಲಿಲ್ಲ. 1984ರ ಲಾಸ್ ಏಂಜಲೀಸ್ ಒಲಿಂಪಿಕ್ಸ್‌ಗೆ ಮೊದಲು ಅಮೆರಿಕದವರು ತಮ್ಮ ತಂಡವನ್ನೇ ಪರೀಕ್ಷಿಸಿದರು. 597 ಮಂದಿಯಲ್ಲಿ 67 ಮಂದಿಗೆ ವ್ಯಾಯಾಮದಿಂದ ಶ್ವಾಸನಾಳ ಬಿಗಿಯುವ ತೊಂದರೆ ಇತ್ತು. ಅವರನ್ನು ಮನೆಗೆ ಕಳುಹಿಸಲಿಲ್ಲ, ಅನುಮತಿ ಇರುವ ಔಷಧ ಕೊಟ್ಟರು. ಆ 67 ಮಂದಿ ಸೇರಿ ಗೆದ್ದ ಪದಕಗಳು 41! ಈಗಂತೂ ಸಾಲ್ಬ್ಯುಟಮಾಲನ್ನು ಇನ್‌ಹೇಲರಿನಲ್ಲಿ ನಿಗದಿತ ಮಿತಿಯೊಳಗೆ ಬಳಸಲು ಕ್ರೀಡಾಪಟುಗಳಿಗೆ ಅವಕಾಶವಿದೆ.

ಇವರೆಲ್ಲರಿಗಿಂತ ನನಗೆ ಹತ್ತಿರದವಳೆಂದು ಕಾಣುವುದು ಜಾಕಿ ಜಾಯ್ನರ್-ಕರ್ಸಿ. ಉಬ್ಬಸ ಇದ್ದರೆ ಓಡಲು, ಹಾರಲು ಆಗುವುದೇ ಇಲ್ಲ ಎಂಬ ಮಾತು ಕೇಳಿಯೇ ಅವಳೂ ಬೆಳೆದವಳು. ಆದ್ದರಿಂದ ಕಾಲೇಜಿನಲ್ಲಿ ವೈದ್ಯರು ನಿನಗೆ ಅಸ್ತಮಾ ಇದೆ ಎಂದಾಗ ಅವಳು ನಂಬಲಿಲ್ಲ. ನಾನು ಓಡುತ್ತಿದ್ದೇನಲ್ಲ, ಮತ್ತೆ ನನಗೆ ಅದು ಹೇಗೆ ಇರಲು ಸಾಧ್ಯ ಎಂಬುದು ಅವಳ ತರ್ಕ. ಬಹಳ ದಿನ ಔಷಧವನ್ನೂ ಸರಿಯಾಗಿ ತೆಗೆದುಕೊಳ್ಳಲಿಲ್ಲ. ಆಮೇಲೆ ಒಪ್ಪಿಕೊಂಡಳು, ಕಲಿತಳು. 1988ರಲ್ಲಿ ಸೋಲ್‌ನಲ್ಲಿ ಏಳು ಸ್ಪರ್ಧೆಗಳ ಹೆಪ್ಟತ್ಲಾನ್‌ನಲ್ಲಿ 7,291 ಅಂಕ ಗಳಿಸಿ ವಿಶ್ವದಾಖಲೆ ಮಾಡಿದಳು.

ನಮ್ಮಲ್ಲಿ ಅಡ್ಡ ಬರುವುದೂ ಆ ಹಳೆಯ ಮಾತೇ, ಜೊತೆಗೆ ಇನ್ನೊಂದು. ವೆನ್‌ಲಾಕ್, ಫಾದರ್ ಮುಲ್ಲರ್, ಕಸ್ತೂರ್ಬಾ ಎಂದು ಆಸ್ಪತ್ರೆಗಳಿಗೇ ಹೆಸರಾದ ಊರು ನಮ್ಮದು. ಆದರೂ ಮಗಳ ಪಂಪನ್ನು ಸೀರೆಗಳ ಕೆಳಗೆ ಅಡಗಿಸಿಡುವ ಮನೆಗಳು ಇಲ್ಲಿವೆ. ನಾಲ್ಕು ಜನಕ್ಕೆ ಗೊತ್ತಾದರೆ ನಾಳೆ ಸಂಬಂಧ ಕೂಡಿಬರುವುದಿಲ್ಲವಂತೆ. ಪಂಪು ಒಮ್ಮೆ ಹಿಡಿದರೆ ಬಿಡಿಸಲಾಗುವುದಿಲ್ಲ ಎಂಬ ಹೆದರಿಕೆ ಇನ್ನೊಂದು ಕಡೆ. ಮೃಗಶಿರ ಮಳೆ ಹುಟ್ಟುವ ದಿನ ಹೈದರಾಬಾದಿಗೆ ಹೋಗಿ ಜೀವಂತ ಮೀನಿನೊಂದಿಗೆ ಮದ್ದು ನುಂಗಿ ಬರಲು ಸಿದ್ಧ, ಆದರೆ ಔಷಧದಂಗಡಿಯಲ್ಲಿ ಪಂಪು ಕೇಳಲು ನಾಚಿಕೆ. ಮಾತ್ರೆಯಲ್ಲಿ ಮೈಯೆಲ್ಲ ಸುತ್ತಬೇಕಾದ ಔಷಧ, ಪಂಪಿನಲ್ಲಿ ಬಹು ಸಣ್ಣ ಪ್ರಮಾಣದಲ್ಲಿ ನೇರ ಶ್ವಾಸನಾಳಕ್ಕೆ ಹೋಗುತ್ತದೆ. ಅದು ಚಟವಲ್ಲ. ಕನ್ನಡಕ ಹಾಕಿಕೊಳ್ಳುವುದನ್ನು ಯಾರಾದರೂ ಚಟ ಎನ್ನುತ್ತಾರೆಯೇ?

ಓಡಿ ನಿಂತ ಮೇಲೆ ಮಗು ಮತ್ತೆ ಮತ್ತೆ ಕೆಮ್ಮಿದರೆ, ಎದೆ ಬಿಗಿಯುತ್ತದೆ ಎಂದರೆ, ಉಸಿರಿನಲ್ಲಿ ಸುಂಯ್ ಎಂಬ ಸದ್ದು ಕೇಳಿದರೆ ವೈದ್ಯರಲ್ಲಿಗೆ ಕರೆದೊಯ್ಯಿರಿ. ಊದಿಸಿ ಅಳೆಯುವ ಪರೀಕ್ಷೆಯಿಂದ ವಿಷಯ ತಿಳಿಯುತ್ತದೆ. ಪದೇ ಪದೇ ಪಂಪು ಒತ್ತಬೇಕಾಗಿ ಬಂದರೆ ಒಳಗಿನ ಊತ ಹತೋಟಿಯಲ್ಲಿಲ್ಲ ಎಂದರ್ಥ. ತಕ್ಷಣಕ್ಕೆ ಉಸಿರು ಬಿಡಿಸುವ ನೀಲಿ ಪಂಪೊಂದನ್ನೇ ನಂಬಿ ಕೂರಬಾರದು, ಊತ ತಗ್ಗಿಸುವ ಔಷಧವೂ ಬೇಕು ಎಂದು 2019ರಿಂದೀಚೆಗೆ ಜಗತ್ತಿನ ತಜ್ಞರು ಒತ್ತಿ ಹೇಳುತ್ತಿದ್ದಾರೆ. ಓಟಕ್ಕೆ ಮೊದಲು ಹತ್ತು ಹದಿನೈದು ನಿಮಿಷ ನಿಧಾನವಾಗಿ ನಡೆದು, ಸ್ವಲ್ಪ ಸ್ವಲ್ಪ ಓಡಿ ಮೈ ಬಿಸಿ ಮಾಡಿಕೊಂಡರೆ ಹಲವರಿಗೆ ಆಮೇಲಿನ ಬಿಗಿತ ಕಡಿಮೆಯಾಗುತ್ತದೆ. ವೈದ್ಯರು ಹೇಳಿದ್ದರೆ ಓಟಕ್ಕೆ ಸ್ವಲ್ಪ ಮೊದಲು ಪಂಪು ತೆಗೆದುಕೊಳ್ಳಬೇಕು. ನೆಗಡಿ, ಜ್ವರ ಇದ್ದ ದಿನ, ಹಿಂದಿನ ರಾತ್ರಿ ಉಬ್ಬಸ ಬಂದಿದ್ದ ದಿನ ಓಡುವುದು ಬೇಡ. ಮಾತಾಡಲೂ ಆಗದಷ್ಟು ಉಸಿರು ಕಟ್ಟಿದರೆ, ತುಟಿ ನೀಲಿಯಾದರೆ, ಪಂಪಿಗೂ ಬಗ್ಗದಿದ್ದರೆ ಯಾರಿಗೂ ಕಾಯದೆ ಆಸ್ಪತ್ರೆಗೆ ಒಯ್ಯಬೇಕು.

ಪಂಪು ಎಲ್ಲಿರಬೇಕು ಎಂಬುದನ್ನೂ ಹೇಳಿಬಿಡುತ್ತೇನೆ. ಅದು ಕಪಾಟಿನಲ್ಲಿ ಇರುವುದಲ್ಲ, ಅಧ್ಯಾಪಕರ ಬೀಗದ ಮೇಜಿನಲ್ಲೂ ಅಲ್ಲ. ಮಗಳ ಚೀಲದ ಹೊರಗಿನ ಜೇಬಿನಲ್ಲಿ, ಅವಳ ಕೈಗೆ ಸಿಗುವ ಹಾಗೆ ಇರಬೇಕು. ಅದು ಅಲ್ಲಿದೆ ಎಂದು ಅವಳ ಪಕ್ಕದಲ್ಲಿ ಕೂರುವ ಗೆಳತಿಗೂ ಗೊತ್ತಿರಬೇಕು.